ದಂಡೆಯ ಮೇಲೆ ಕುಳಿತ ನೀಲವ್ವತ್ತಿ

ಹರಿಗೋಲು ದಂಡೆಗೆ ಇನ್ನು ಹತ್ತು ಮಾರು ದೂರವಿದೆ ಎನ್ನುವಾಗ ನೀಲವ್ವತ್ತಿ ಮರಳಿನ ಮೇಲೆ ದೊಪ್ಪೆಂದು ಕುಳಿತುಬಿಡುತ್ತಿದ್ದಳು. ಅಲ್ಲಿ ಕೆಸರಿರಲಿ, ದನ ಹಾಕಿದ ಸೆಗಣಿಯಿರಲಿ, ಉಟ್ಟಿದ್ದು ಹಬ್ಬದ ಇಳಕಲ್ ಸೀರೆಯೇ ಇರಲಿ, ನೋಡುತ್ತಿರಲಿಲ್ಲ. ಕುಳಿತು, ಎರಡೂ ಅಂಗೈಗಳಿಂದ ಗಾಳಿಯನ್ನು ನೆಲಕ್ಕೆ ಒತ್ತುತ್ತ, "ಕುಂದರ್ರಿ, ಎಲ್ಲಾರೂ ಕುಂದರ್ರಿ" ಎಂದು ಕೂಗುತ್ತಿದ್ದಳು. ಹೊಳೆಯಲ್ಲಿದ್ದವರು ತನ್ನನ್ನು ನೋಡಿ ತಾವೂ ಕೂರಲಿ ಎಂಬುದು ಅವಳ ಲೆಕ್ಕ. ಅವರೋ, ದಂಡೆಯ ಮೇಲೆ ಈ ಹೆಂಗಸು ಯಾಕೆ ಹೀಗೆ ಬಿದ್ದುಕೊಂಡಳು ಎಂದು ನೋಡುವುದಕ್ಕಾಗಿ ಎದ್ದು ನಿಲ್ಲುತ್ತಿದ್ದರು. ಹುಲಿಗಿಯ ಹುಡುಗರು ಅವಳಿಗೆ ಕುಂದರವ್ವ ಎಂದು ಹೆಸರಿಟ್ಟಿದ್ದರು.

ನಾನು ಕುಷ್ಟಗಿಯವಳು. ನಮ್ಮ ಕಡೆ ನೀರೆಂದರೆ ಬಾವಿಯ ತಳದಲ್ಲಿ ಬಗ್ಗಿ ನೋಡಿದರೆ ಕಾಣುವ ವಸ್ತು. ಮಹಾಯುದ್ಧ ಶುರುವಾಗುವುದಕ್ಕೆ ಸ್ವಲ್ಪ ಮುಂಚೆ ಹುಲಿಗಿಗೆ ಸೊಸೆಯಾಗಿ ಬಂದಾಗ, ತುಂಗಭದ್ರೆಯನ್ನು ನೋಡಿ ಇಷ್ಟು ನೀರನ್ನು ಯಾರೂ ಬಳಸದೆ ಬಿಟ್ಟಿದ್ದಾರಲ್ಲ ಎಂದು ಹೊಟ್ಟೆ ಉರಿದಿತ್ತು. ನೀಲವ್ವತ್ತಿ ನಮ್ಮ ಮಾವನವರ ತಂಗಿ. ಗಿಣಿಗೇರಾಕ್ಕೆ ಕೊಟ್ಟಿದ್ದರು, ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು ನಮ್ಮ ಜೊತೆಯಲ್ಲೇ ಇದ್ದಳು. ನಾನು ಬಂದ ಮರುದಿನವೇ ಅತ್ತೆಯವರು ನನ್ನನ್ನು ಒಳಗೆ ಕರೆದು, "ನೀಲವ್ವನ ಮಾತು ಮನಸಿಗೆ ಹಚ್ಚಿಗೋಬ್ಯಾಡ. ಆಕಿಗೆ ಹೊಳಿ ಹುಚ್ಚು ಐತಿ" ಎಂದು ಹೇಳಿದ್ದರು.

ಆಗ ಹೊಳೆಯ ಈಚೆ ನಿಜಾಮರ ಮೊಗಲಾಯಿ, ಆಚೆ ಇಂಗ್ಲಿಷರ ರಾಜ್ಯ. ರೈಲಿನ ಸೇತುವೆ ಇತ್ತು, ಆದರೆ ಆಚೆಯ ಹಳ್ಳಿಗಳಿಂದ ನಮ್ಮೂರ ದೇವಿ ಹುಲಿಗೆಮ್ಮನಿಗೆ ನಡೆದುಕೊಳ್ಳುವವರು ಸ್ಟೇಷನ್ನಿಗೆ ಸುತ್ತು ಹೊಡೆಯುತ್ತಿರಲಿಲ್ಲ, ಹರಿಗೋಲಿನಲ್ಲೇ ದಾಟುತ್ತಿದ್ದರು. ಮಂಗಳವಾರ, ಶುಕ್ರವಾರ ಮಂದಿ. ಹುಣ್ಣಿಮೆಗಂತೂ ಕಾಲಿಡಲು ಜಾಗವಿಲ್ಲ. ಹರಿಗೋಲೆಂದರೆ ಬಿದಿರು ಹೆಣೆದು ತೊಗಲು ಹೊದಿಸಿದ ದುಂಡು ಬುಟ್ಟಿ. ಅದಕ್ಕೆ ಹಿಂದಿಲ್ಲ, ಮುಂದಿಲ್ಲ. ಕುಳಿತವರನ್ನು ತಾಯಿಯ ಹಾಗೆ ಹೊತ್ತು ತರುತ್ತದೆ, ನಿಂತವರನ್ನು ಒಪ್ಪುವುದಿಲ್ಲ. ನಮ್ಮ ದಂಡೆ ಹತ್ತಿರ ಬರುವ ಹೊತ್ತಿಗೆ ಸರಿಯಾಗಿ ಬೇವಿನ ಮರಗಳ ಹಿಂದಿನಿಂದ ಗುಡಿಯ ಶಿಖರ ಕಾಣಿಸುತ್ತಿತ್ತು. ಕಂಡ ಕೂಡಲೇ "ಉಧೋ ಉಧೋ" ಎಂದು ಇಡೀ ಹರಿಗೋಲು ಎದ್ದು ನಿಂತು ಕೈಮುಗಿಯುತ್ತಿತ್ತು.

ನೀಲವ್ವತ್ತಿಯ ಹೋರಾಟವೆಲ್ಲ ಆ ಒಂದು ಗಳಿಗೆಯ ಮೇಲೆ. "ನಡುಹೊಳ್ಯಾಗ ಯಾರೂ ಮುಳುಗೂದಿಲ್ಲವ್ವಾ. ಅಲ್ಲಿ ಜೀವದ ಅಂಜಿಕಿ ಇರತೈತಿ, ಮಂದಿ ಮಿಸುಕಾಡೂದಿಲ್ಲ. ಮುಳುಗೂದು ದಂಡ್ಯಾಗ. ಬಂದ್ವಿ ಅಂದಕೂಡ್ಲೆ ಮನಷಾ ಕೆಡತಾನ" ಎನ್ನುತ್ತಿದ್ದಳು.

ಹರಿಗೋಲು ಬಂದು ನಿಲ್ಲುವ ಘಟ್ಟದಲ್ಲಿ ಅವಳದೊಂದು ಸರಕಾರವೇ ನಡೆಯುತ್ತಿತ್ತು, ಪ್ರಜೆಗಳು ಮಾತ್ರ ಇರಲಿಲ್ಲ. ಇಳಿಯುವವರು ಇಳಿದ ಮೇಲೆಯೇ ಏರುವವರು ಏರಬೇಕು. ಚಪ್ಪಲಿ ಕೈಯಲ್ಲಿ, ಕೂಸು ತೊಡೆಯ ಮೇಲೆ. ಮೊದಲು ಏರಿದವರು ಆಚೆ ಬದಿಗೆ ಹೋಗಬೇಕು, ಎರಡನೆಯವರು ಈಚೆ ಬದಿಗೆ, ಭಾರದವರು ನಡುವೆ. ಈ ಕೊನೆಯ ಕಾಯಿದೆಯನ್ನು ಅವಳು ನಮ್ಮ ಚಕ್ಕಡಿಗೂ ತಂದಳು. ಒಮ್ಮೆ ಕೊಪ್ಪಳಕ್ಕೆ ಹೊರಟಾಗ ನಮ್ಮ ಅತ್ತೆಯವರನ್ನು, ಬೀಗರ ಮುಂದೆಯೇ, "ವೈನಿ, ನೀವು ನಡುವ ಬರ್ರಿ, ನಿಮ್ಮಿಂದ ಗಾಡಿ ವಾಲತೈತಿ" ಅಂದುಬಿಟ್ಟಳು. ಅತ್ತೆಯವರು ನಡುವೆ ಬಂದು ಕುಳಿತರು, ಆದರೆ ವಾರಗಟ್ಟಲೆ ಅವಳೊಂದಿಗೆ ಮಾತು ಬಿಟ್ಟರು.

ಇದೆಲ್ಲದರ ಮೂಲ ನನಗೆ ತಿಳಿದದ್ದು ಒಂದು ಮಧ್ಯಾಹ್ನ, ಇಬ್ಬರೂ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದಾಗ. ಅವಳಿಗೊಬ್ಬ ಅಕ್ಕ ಇದ್ದಳಂತೆ, ಶಿವವ್ವ. ಹೊಳೆಯಾಚೆಯ ಹಳ್ಳಿಗೆ ಕೊಟ್ಟಿದ್ದರು. ಚೊಚ್ಚಲ ಬಾಣಂತನಕ್ಕೆ ಅವಳನ್ನು ಕರೆದುಕೊಂಡು ಬರಲು ಹೋದವರ ಜೊತೆಯಲ್ಲಿ ನೀಲವ್ವತ್ತಿಯೂ ಹೋಗಿದ್ದಳು, ಇನ್ನೂ ಲಗ್ನವಾಗದ ಹುಡುಗಿ. ಬರುವಾಗ ಹರಿಗೋಲಿನಲ್ಲಿ ಅವಳು ಕೈ ನೀರಿಗೆ ಹಾಕುವುದು, ಏಳುವುದು, ಬಗ್ಗುವುದು ಮಾಡುತ್ತಿದ್ದಳು. ಅಕ್ಕ ದಾರಿಯುದ್ದಕ್ಕೂ ಗದರುತ್ತಿದ್ದಳು. ದಂಡೆ ಹತ್ತಿರ ಬಂತು. ಅವರವ್ವ ಮರಳಿನ ಮೇಲೆ ಬಂದು ನಿಂತಿದ್ದಳು. ಆಗ ಶಿವವ್ವ ಎದ್ದು ನಿಂತಳು. ಅವಳ ಹಿಂದೆ ಎಲ್ಲರೂ ಎದ್ದರು. ಹರಿಗೋಲು ಬೋರಲಾಯಿತು. ಅಲ್ಲಿ ನೀರು ಎದೆಮಟ್ಟ. ಉಳಿದವರೆಲ್ಲ ಕೆಮ್ಮುತ್ತ ಎದ್ದು ನಡೆದು ಬಂದರು. ಬುಟ್ಟಿಯ ಅಡಿ ಸಿಕ್ಕವಳು ಶಿವವ್ವ ಒಬ್ಬಳೇ.

"ದಾರಿ ತುಂಬ ನನಗ 'ಕುಂದರ, ಕುಂದರ' ಅಂದಾಕಿ ತಾನ ಎದ್ದಳು. ಶಾಣ್ಯಾಕಿ ಆಕಿ. ಯಾಕ ಎದ್ದಳು? ನೀನರ ಹೇಳ, ಕುಷ್ಟಗಿ" ಎಂದು ಕೇಳಿದಳು. ನನ್ನನ್ನು ಅವಳು ಕರೆಯುತ್ತಿದ್ದದ್ದು ನನ್ನ ಊರಿನ ಹೆಸರಿನಿಂದಲೇ. ಹುಲಿಗೆಮ್ಮನಿಗೆ ಕೈಮುಗಿಯಲು ಎದ್ದಿರಬೇಕು ಎಂದೆ. ಎಲ್ಲರೂ ಅದನ್ನೇ ಹೇಳುತ್ತಾರೆ ಎಂದು ಮತ್ತೆ ಜೋಳಕ್ಕೆ ಕೈ ಹಾಕಿದಳು. ಅಂದಿನಿಂದ ಅವಳು ಹರಿಗೋಲು ಏರಿದವಳಲ್ಲ. ಹೊಳೆಯಾಚೆಯ ಗಂಡು ಬೇಡವೆಂದು ಹಟ ಹಿಡಿದೇ ಗಿಣಿಗೇರಾದವನನ್ನು ಮದುವೆಯಾದದ್ದು.

ಒಂದು ಸಲ ನನ್ನನ್ನೂ ಕರೆದುಕೊಂಡು ಗುಡಿಯ ಪೂಜಾರಿಯ ಹತ್ತಿರ ಹೋದಳು.

"ಪೂಜಾರ್ರ, ಕುಂತು ಕೈಮುಗದ್ರೂ ಅವ್ವಗ ಮುಟ್ಟತೈತಿ ಅಂತ ನೀವೊಂದು ಮಾತು ಹೇಳಿಬಿಡ್ರಿ. ನನ್ನ ಮಾತು ಯಾರೂ ಕೇಳವಲ್ರು."

ಪೂಜಾರಿ ಒಳ್ಳೆಯವನು. ಕಳಸದ ನೀರು ಬದಿಗಿಟ್ಟು ಯೋಚಿಸಿದ. "ಮುಟ್ಟತೈತಿ ನೀಲವ್ವ, ಯಾಕ ಮುಟ್ಟೂದಿಲ್ಲ? ಆದ್ರ ಹೇಳೂದು ಹೆಂಗ? ಮನಿಗೆ ಹಿರ್ಯಾರು ಬಂದ್ರ ಏಳಬೇಕು ಅಂತ ಹುಡುಗರಿಗೆ ಹೊಡದು ಕಲಿಸೀವಿ. ಈಗ ಅವ್ವನ ಮುಂದ ಏಳಬ್ಯಾಡ್ರಿ ಅಂತ ನಾನ ಹೇಳ್ಲೇನು?"

ಅವಳು ಕೈಮುಗಿದು ಮೆಟ್ಟಿಲು ಇಳಿದಳು. ವಾಪಸು ಬರುವಾಗ, "ಖರೇನ ಹೇಳಿದ. ಅವನ ಮ್ಯಾಲೆ ಸಿಟ್ಟೂ ಬರವಲ್ದು ನನಗ" ಅಂದಳು. ಯಾರ ಮೇಲಾದರೂ ಸಿಟ್ಟು ಮಾಡಿಕೊಳ್ಳುವಂತಿದ್ದರೆ ಅವಳಿಗೆ ಸ್ವಲ್ಪ ಹಗುರವಾಗುತ್ತಿತ್ತೇನೋ. ಎಲ್ಲರೂ ಒಳ್ಳೆಯವರು, ಎಲ್ಲರದೂ ಸರಿ.

ಆಮೇಲೆ ಅಂಬಿಗರ ಯಂಕಪ್ಪನನ್ನು ಹಿಡಿದಳು. "ಯಂಕಪ್ಪಾ, ಮಂದೀನ ಹುಲಿಗಿ ಕಡಿ ಬೆನ್ನ ಮಾಡಿ ಕುಂದರಸು. ಶಿಖರ ಕಾಣದಿದ್ರ ಏಳೂದಿಲ್ಲ." ಯಂಕಪ್ಪ ಹುಟ್ಟು ಹಾಕುವುದರಲ್ಲಿ ಗಟ್ಟಿಗ, ಬುದ್ಧಿಯಲ್ಲಿ ನಮ್ಮ ಹಾಗೆಯೇ. ಹುಣ್ಣಿಮೆಯ ದಿನ ಹಿಡಿಸುವುದಕ್ಕಿಂತ ಹೆಚ್ಚು ಮಂದಿ ತುಂಬುತ್ತಿದ್ದ, ಕೇಳಿದರೆ ಘಟ್ಟದ ಗುತ್ತಿಗೆದಾರನ ಕಡೆ ಬೆರಳು ತೋರಿಸುತ್ತಿದ್ದ. ಆದರೂ ಅವಳ ಕಾಟಕ್ಕೆ ಒಂದು ಶುಕ್ರವಾರ ಹಾಗೇ ಕೂರಿಸಿಕೊಂಡು ಹೊರಟ. ಅರ್ಧ ದಾರಿಯಲ್ಲಿ ಒಬ್ಬ ಮುದುಕಿ, "ದೇವರಿಗೆ ಬೆನ್ನ ತೋರಿಸಿ ಬರಾಕ ನಾವೇನು ಪಾಪ ಮಾಡೀವಿ?" ಎಂದು ಸುತ್ತ ತಿರುಗಿದಳು. ಅವಳನ್ನು ನೋಡಿ ಉಳಿದವರೂ ತಿರುಗಿದರು. ಹರಿಗೋಲು ಎಂದೂ ಕುಣಿಯದ ಹಾಗೆ ಕುಣಿಯಿತಂತೆ. ಯಂಕಪ್ಪ ಬೆವೆತು ದಂಡೆಗೆ ಬಂದವನೇ, "ನೀಲವ್ವಾ, ನಿನ್ನ ಮಾತು ಕೇಳಿದ್ರ ಎಲ್ಲಾರಿಗಿಂತ ಮೊದಲು ನಾನ ಮುಳುಗ್ತೀನಿ" ಎಂದು ಕೈಮುಗಿದ. ಊರೆಲ್ಲ ನಕ್ಕಿತು. ನಾನೂ ಸೆರಗು ಬಾಯಿಗೆ ಹಚ್ಚಿಕೊಂಡು ನಕ್ಕೆ.

ಹೊಳೆಗೆ ಅಣೆಕಟ್ಟು ಕಟ್ಟುವ ಕೆಲಸ ಶುರುವಾದ ಮೇಲೆ ಇನ್ನೊಂದು ಜಾತಿಯ ಮಂದಿ ಬಂದರು. ದೇವರಿಗಲ್ಲ, ಮೋಜಿಗೆ ಹರಿಗೋಲು ಏರುವವರು. ರವಿವಾರ ಓವರ್‌ಸಿಯರುಗಳು, ಕಾರಕೂನರು ಹೆಂಡಿರು ಮಕ್ಕಳನ್ನು ಕಟ್ಟಿಕೊಂಡು ಬಂದು, ಬುಟ್ಟಿಯನ್ನು ಗಿರಗಿರ ತಿರುಗಿಸು ಎಂದು ಯಂಕಪ್ಪನನ್ನು ಪೀಡಿಸುತ್ತಿದ್ದರು. ಒಬ್ಬನ ಹತ್ತಿರ ಫೋಟೊದ ಡಬ್ಬಿಯಿತ್ತು. ಅವನು ದಂಡೆಯ ಮೇಲೆ ನಿಂತು, ಹರಿಗೋಲಿನಲ್ಲಿದ್ದವರಿಗೆ ಎದ್ದು ನಿಲ್ಲಲು ಹೇಳಿದ. ಎಲ್ಲರೂ ಎದ್ದು ಹೆಗಲ ಮೇಲೆ ಕೈ ಹಾಕಿಕೊಂಡು ನಿಂತರು. ನೀಲವ್ವತ್ತಿ ಓಡಿಹೋಗಿ ಆ ಡಬ್ಬಿಯ ಮುಂದೆಯೇ ಕುಳಿತು, "ಕುಂದರ್ರಿ, ನಿಮ್ಮ ಪಾದ ಹಿಡಿತೀನಿ ಕುಂದರ್ರಿ" ಎಂದು ಕೂಗಿದಳು. ಹರಿಗೋಲಿನಲ್ಲಿದ್ದ ಹೆಂಗಸರು ಚಪ್ಪಾಳೆ ತಟ್ಟಿದರು. ಬುಟ್ಟಿ ವಾಲಿತು, ಒಬ್ಬ ಕಾರಕೂನ ಸೊಂಟಮಟ್ಟ ನೀರಿಗೆ ಬಿದ್ದು ನಗುತ್ತ ಎದ್ದ. ಉಳಿದವರು ನಗುತ್ತಲೇ ಇಳಿದು ಬುತ್ತಿ ಬಿಚ್ಚಿದರು.

ಯಾರಿಗೂ ಏನೂ ಆಗಲಿಲ್ಲ. ಅವಳ ಕಷ್ಟವೇ ಅದು. ನೂರು ಸಲದಲ್ಲಿ ತೊಂಬತ್ತೊಂಬತ್ತು ಸಲ ಯಾರಿಗೂ ಏನೂ ಆಗುತ್ತಿರಲಿಲ್ಲ, ಪ್ರತಿ ಸಲವೂ ಅವಳೇ ಸುಳ್ಳಾಗುತ್ತಿದ್ದಳು. ಅಂದು ಸಂಜೆ ಒಲೆಯ ಮುಂದೆ ಕುಳಿತು ಅತ್ತಳು. "ಮುಳುಗಲಿ ಅಂತ ನಾ ಅಂತೀನೇನು? ಮುಳುಗದಿದ್ರ ಯಾರೂ ನಂಬೂದಿಲ್ಲ. ನಾ ಏನ ಮಾಡ್ಲಿ ಹೇಳ" ಎಂದಳು. ನಾನು ರೊಟ್ಟಿ ತಟ್ಟಿ ಅವಳ ತಾಟಿಗೆ ಹಾಕಿದೆ. ಫೋಟೊದವನು ಸಜ್ಜನ, ಆಮೇಲೆ ಒಂದು ಪ್ರತಿ ತಂದುಕೊಟ್ಟ. ಹಿಂದೆ ನಗುವ ಮಂದಿ, ಮುಂದೆ ಬಾಯಿ ತೆರೆದು ಮಸುಕಾಗಿ ಕುಳಿತ ನೀಲವ್ವತ್ತಿ. ನಮ್ಮ ಮನೆಯಲ್ಲಿ ಅವಳ ಚಿತ್ರವೆಂದು ಇರುವುದು ಅದೊಂದೇ.

ನಲವತ್ತೆಂಟರಲ್ಲಿ ನಿಜಾಮರ ರಾಜ್ಯ ಉಳಿಯುತ್ತದೋ ಹೋಗುತ್ತದೋ ಎಂಬ ಗಲಾಟೆ ಜೋರಾಯಿತು. ಲೂಟಿ, ಬೆಂಕಿಯ ಹೆದರಿಕೆಗೆ ಊರುಗಳು ಖಾಲಿಯಾಗತೊಡಗಿದವು. ಆಚೆ ಇಂಗ್ಲಿಷರು ಹೋಗಿ ಸ್ವರಾಜ್ಯ ಬಂದಿತ್ತು, ಹೊಳೆ ದಾಟಿದರೆ ಜೀವ ಉಳಿಯಿತು ಎನ್ನುವ ಮಾತು. ಸ್ಟೇಷನ್ನಿಗೆ ಹೋಗಲು ಧೈರ್ಯವಿಲ್ಲ. ಮಳೆಗಾಲ, ಹೊಳೆ ಕೆಂಪಗೆ ತುಂಬಿ ಹರಿಯುತ್ತಿತ್ತು. ಒಂದು ಬೆಳಿಗ್ಗೆ ನಮ್ಮ ಓಣಿಯೂ ಹೊರಟಿತು. ನೀಲವ್ವತ್ತಿ ಕಂಬ ಹಿಡಿದುಕೊಂಡಳು. "ನಾ ಒಲ್ಲೆ. ನನಗ ಇಲ್ಲೇ ಏನಾರ ಆಗಲಿ" ಎಂದಳು. ನನ್ನ ಗಂಡ ಅವಳನ್ನು ಕೂಸಿನ ಹಾಗೆ ಎತ್ತಿಕೊಂಡು ಘಟ್ಟಕ್ಕೆ ತಂದರು.

ಘಟ್ಟದಲ್ಲಿ ನೂಕುನುಗ್ಗಲು. ಗಂಟುಗಳು ಮೊದಲು ಬೀಳುತ್ತಿದ್ದವು, ಅವುಗಳ ಮೇಲೆ ಮಂದಿ. ಆ ಸ್ಥಿತಿಯಲ್ಲೂ ಅವಳು, "ಆಚಿ ಬದಿಗೆ ಸರೀರಿ, ಬಸರಿ ಹೆಣ್ಮಗಳನ್ನ ನಡುವ ಬಿಡ್ರಿ" ಎನ್ನುತ್ತಿದ್ದಳು. ಯಾರೂ ಕೇಳಲಿಲ್ಲ. ಕೇಳಿಸಿರಲೂ ಇಲ್ಲ. ಯಂಕಪ್ಪನ ಹರಿಗೋಲಿನಲ್ಲಿ ನಾನು ನನ್ನ ವರ್ಷದ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತೆ. ಅವಳು ಪಕ್ಕದಲ್ಲಿ ಕಣ್ಣು ಮುಚ್ಚಿ, ನನ್ನ ಸೆರಗನ್ನು ಮುಷ್ಟಿಯಲ್ಲಿ ಹಿಡಿದು ಕುಳಿತಳು. ಸೆಳವು ನಮ್ಮನ್ನು ಕೆಳಕ್ಕೆ ಒಯ್ಯುತ್ತಿತ್ತು. ಯಾರೂ ಮಿಸುಕಲಿಲ್ಲ.

ಆಚೆಯ ದಂಡೆ ಹತ್ತಿರವಾಯಿತು. ಆ ಕಡೆ ಗುಡಿಯಿಲ್ಲ, ಶಿಖರವಿಲ್ಲ, ನಮ್ಮವರು ಯಾರೂ ಇಲ್ಲ. ಎಲ್ಲರೂ ಕುಳಿತೇ ಇದ್ದೆವು. ಆಗ ನೀಲವ್ವತ್ತಿ ಕಣ್ಣು ತೆರೆದು ಹಿಂದಕ್ಕೆ ನೋಡಿದಳು. ಬಿಟ್ಟು ಬಂದ ದಂಡೆಯಲ್ಲಿ ಬೇವಿನ ಮರ, ಶಿಖರ, ಬರಿದಾದ ಘಟ್ಟ. ನೋಡುತ್ತ ನೋಡುತ್ತ ಎದ್ದು ನಿಂತುಬಿಟ್ಟಳು.

ಬುಟ್ಟಿ ಒಂದು ಬದಿಗೆ ವಾಲಿ ನೀರು ಒಳಗೆ ನುಗ್ಗಿತು. "ನೀಲವ್ವಾ, ಕುಂದರ" ಎಂದು ಯಂಕಪ್ಪ ಚೀರಿದ. "ಅತ್ತಿ, ಕುಂದರ್ರಿ" ಎಂದು ನಾನೂ ಕೂಗಿದೆ. ಒಂದು ಕೈಯಲ್ಲಿ ಮಗು. ಇನ್ನೊಂದರಿಂದ ಅವಳ ಸೀರೆ ಹಿಡಿದು ಎಳೆದೆ. ಅವಳಿಗೆ ಕೇಳಿಸಲಿಲ್ಲ. ಎಷ್ಟು ಹೊತ್ತು ನಿಂತಿದ್ದಳೋ ಹೇಳಲಾರೆ, ನನಗೆ ಅದು ಮುಗಿಯಲೇ ಇಲ್ಲ. ಕೊನೆಗೆ ತಾನಾಗಿಯೇ ಮೆಲ್ಲಗೆ ಕುಳಿತಳು. ನನ್ನ ಕಿವಿಯ ಹತ್ತಿರ ಬಾಯಿ ತಂದು, "ಅಕ್ಕ ಯಾಕ ಎದ್ದಳು ಅಂತ ಕೇಳ್ತಿದ್ನೆಲ್ಲ ಕುಷ್ಟಗಿ, ಆಕಿ ಏಳಬೇಕಂತ ಎದ್ದಿಲ್ಲವ್ವಾ. ತವರಮನಿ ಕಾಣ್ತು. ಕಾಲು ತಾವ ಎದ್ದಾವು" ಎಂದಳು. ಹರಿಗೋಲು ದಂಡೆಗೆ ಮುಟ್ಟಿದ ಮೇಲೆ, ತನ್ನ ಕಾಯಿದೆಯ ಪ್ರಕಾರ, ಎಲ್ಲರೂ ಇಳಿಯುವ ತನಕ ಕಾದು ಕೊನೆಗೆ ಇಳಿದಳು.

ಆಚೆಯ ಊರಿನ ಚಾವಡಿಯಲ್ಲಿ ನಮ್ಮಂಥ ಎಷ್ಟೋ ಸಂಸಾರಗಳಿದ್ದವು. ಅಲ್ಲಿ ನೀಲವ್ವತ್ತಿಗೆ ಜ್ವರ ಬಂತು. ಔಷಧಿ ಸಿಕ್ಕಲಿಲ್ಲ, ಸಿಕ್ಕಾಗ ಹೊತ್ತು ಮೀರಿತ್ತು. ನಾವು ಒದ್ದೆ ಬಟ್ಟೆ ಹಣೆಗೆ ಹಾಕುವುದಷ್ಟೇ ಮಾಡಿದೆವು. ಇನ್ನು ಊರಿಗೆ ಹೋಗಬಹುದು ಎಂಬ ಸುದ್ದಿ ಬರುವ ಮೊದಲೇ ಅವಳು ಹೋದಳು. ಹೊಳೆಯ ಆಚೆ ಬದಿಯಲ್ಲೇ ಮಣ್ಣು ಮಾಡಿದೆವು.

ಮಳೆ ನಿಂತ ಮೇಲೆ ಮರಳಿ ಬಂದೆವು. ಅದೇ ಯಂಕಪ್ಪ, ಹರಿಗೋಲು ತುಂಬ ನಮ್ಮೂರಿನವರೇ. ಬೇವಿನ ಮರಗಳ ಹಿಂದಿನಿಂದ ಶಿಖರ ಕಾಣಿಸಿತು. ಯಾರೋ "ಉಧೋ" ಅಂದರು. ಎಲ್ಲರೂ ಎದ್ದರು. ಮುಂದೆ ಮರಳು ತೆಪ್ಪಗೆ ಬಿದ್ದಿತ್ತು, ಅದರ ಮೇಲೆ ಯಾರೂ ಕುಳಿತಿರಲಿಲ್ಲ. ಕುಂದರ್ರಿ ಎಂದು ನಾನಾದರೂ ಕೂಗಬೇಕಿತ್ತು. ಆದರೆ ಕೂಗುವವರು ಕುಳಿತಿರಬೇಕಲ್ಲ. ಮಗುವನ್ನು ಎದೆಗವಚಿಕೊಂಡು, ಎಲ್ಲರಿಗಿಂತ ಮೊದಲು ಎದ್ದು ನಿಂತವಳು ನಾನೇ.