ಪೆನಾಳ ಕೊನೆಯ ಹನಿ

ಪ್ಲೋವ್ದಿವ್ ನಗರದ ಒಂದು ಸಂಶೋಧನಾ ಸಂಸ್ಥೆಯಲ್ಲಿ ಪ್ರೊಫೆಸರ್ ಹರಲಾಂಪಿ ದೋಬ್ರೆವ್ ಅವರ ಬಳಿ ಕಿರುಬೆರಳ ತುದಿಯಷ್ಟು ಪುಟ್ಟದೊಂದು ಪ್ಲಾಸ್ಟಿಕ್ ನಳಿಕೆಯಿತ್ತು. ಅದರ ಮೇಲೆ ಕೆಂಪು ಶಾಯಿಯಲ್ಲಿ 'ಪೆನಾ. ಮುಟ್ಟಬೇಡಿ' ಎಂದು ಬರೆದಿತ್ತು. ಹೊಸದಾಗಿ ಸೇರಿದವರಿಗೆ ಮೊದಲು ಕಕ್ಕಸು ಎಲ್ಲಿದೆ ಎಂದು ತೋರಿಸುತ್ತಿದ್ದರು. ಆಮೇಲೆ ಈ ನಳಿಕೆ ಎಲ್ಲಿದೆ, ಅದರಿಂದ ಎಷ್ಟು ದೂರ ನಿಲ್ಲಬೇಕು ಎಂಬುದನ್ನು.

ಪೆನಾ ಎಂದರೆ ಒಂದು ಮೊಲ. ಪ್ರಯೋಗಾಲಯದ ಸಹಾಯಕಿ ವೆಸ್ಕಾ ಅದರ ಮೀಸೆ ನೋಡಿ ತನ್ನ ಸೋದರತ್ತೆಯ ಹೆಸರನ್ನೇ ಇಟ್ಟಿದ್ದಳು. ಹರಲಾಂಪಿ ತಮ್ಮ ಯೌವನದಲ್ಲಿ ಸ್ನಾಯುವಿನ ಜೀವಕೋಶಗಳಿಂದ ಒಂದು ಪ್ರೋಟೀನನ್ನು ಬೇರ್ಪಡಿಸಿ ಪೆನಾಗೆ ಚುಚ್ಚಿದ್ದರು. ಪೆನಾಳ ರಕ್ತದಲ್ಲಿ ಅದರ ವಿರುದ್ಧ ಪ್ರತಿಕಾಯ ಹುಟ್ಟಿತು. ಆ ಪ್ರತಿಕಾಯವನ್ನು ಕೋಶಗಳ ಮೇಲೆ ಹಾಕಿ, ಅದಕ್ಕಂಟುವ ಹೊಳೆಯುವ ಬಣ್ಣ ಸೇರಿಸಿ, ಕತ್ತಲೆ ಕೋಣೆಯಲ್ಲಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರೆ, ಪ್ರೋಟೀನ್ ಎಲ್ಲೆಲ್ಲಿ ಅಡಗಿದೆಯೋ ಅಲ್ಲೆಲ್ಲ ಹಸಿರು ದೀಪ ಹಚ್ಚಿಟ್ಟಂತೆ ಕಾಣುತ್ತಿತ್ತು. ಹರಲಾಂಪಿಯವರ ಹೆಸರು, ಕುರ್ಚಿ, ವಿದೇಶ ಪ್ರಯಾಣ ಎಲ್ಲವೂ ಆ ಹಸಿರಿನಿಂದಲೇ ಬಂದದ್ದು. ಅವರ ಭಾಷಣಗಳಲ್ಲಿ ಮಾತ್ರ ಮೊಲದ ಪ್ರಸ್ತಾಪ ಇರುತ್ತಿರಲಿಲ್ಲ.

ಪೆನಾ ಸತ್ತ ಮೇಲೆ ಬೇರೆ ಮೊಲಗಳಿಗೂ ಅದನ್ನೇ ಚುಚ್ಚಿ ನೋಡಿದರು. ಅವು ಎಲೆಕೋಸು ತಿಂದು ದಪ್ಪಗಾದವು, ಅಷ್ಟೆ. ಬಳಸುತ್ತ ಬಳಸುತ್ತ ಪೆನಾಳ ಪ್ರತಿಕಾಯ ಒಂದೇ ನಳಿಕೆಗೆ ಇಳಿಯಿತು. ಅದನ್ನು ಹರಲಾಂಪಿ 'ದೊಡ್ಡ ಪ್ರಯೋಗ'ಕ್ಕೆಂದು ಫ್ರೀಜರಿನಲ್ಲಿ ಎತ್ತಿಟ್ಟರು. ಆ ದೊಡ್ಡ ಪ್ರಯೋಗ ಯಾವುದು ಎಂದು ಯಾರಾದರೂ ಕೇಳಿದರೆ ಗಂಭೀರವಾಗಿ ಕಿಟಕಿಯಾಚೆ ನೋಡುತ್ತಿದ್ದರು. ಕಿಟಕಿಯಾಚೆ ಬಸ್ ನಿಲ್ದಾಣವಿತ್ತು.

ಎತ್ತಿಡುವುದು ಅವರಿಗೆ ಮನೆತನದಿಂದ ಬಂದ ಗುಣ. ಅವರ ತಾಯಿ ಪ್ರತಿ ಬೇಸಿಗೆಯಲ್ಲಿ ಬಿಳಿ ಚೆರ್ರಿಯ ಮುರಬ್ಬ ಮಾಡಿ, 'ಬರುವವರಿಗೆ' ಎಂದು ಕಪಾಟಿನ ಮೇಲಿನ ಅರೆಗೆ ಏರಿಸುತ್ತಿದ್ದರು. ಮನೆಗೆ ಬಂದವರು ಯಾರೂ ಆಕೆಯ ದೃಷ್ಟಿಯಲ್ಲಿ ಆ 'ಬರುವವರು' ಆಗಿರಲಿಲ್ಲ.

ಎಲಿತ್ಸಾ ಅವರ ಸಂಶೋಧನಾ ವಿದ್ಯಾರ್ಥಿನಿ. ಸ್ನಾಯುವಿಗೆ ಗಾಯವಾದಾಗ ಆ ಪ್ರೋಟೀನ್ ಕೋಶದ ಅಂಚಿಗೆ ಸರಿಯುತ್ತದೆ ಎಂಬುದು ಅವಳ ವಾದ. ಪ್ರಬಂಧ ಬರೆದು ಮುಗಿಸಿದ್ದಳು. ಪರೀಕ್ಷಕರು ಕೇಳಿದ್ದು ಒಂದೇ ಒಂದು ಚಿತ್ರ, ಹಸಿರು ಅಂಚಿನಲ್ಲಿರುವ ಚಿತ್ರ.

"ಪ್ರೊಫೆಸರೇ, ಒಂದು ತೊಟ್ಟು ಸಾಕು," ಎಂದಳು ಬಾಗಿಲಲ್ಲಿ ನಿಂತು.

"ಇದೇನು ಬೋಜಾ ಪಾನಕ ಅಂದ್ಕೊಂಡ್ಯಾ, ಲೋಟಕ್ಕೆ ಬಗ್ಗಿಸಿ ಕೊಡೋಕೆ?"

"ಮತ್ತೆ ಯಾವತ್ತಿಗೆ ಇಟ್ಟಿದೀರಿ?"

"ಯೋಗ್ಯವಾದ ಪ್ರಶ್ನೆ ಬರೋವತ್ತಿಗೆ."

ಗಾಜಿನ ಪಾತ್ರೆ ತೊಳೆಯುತ್ತಿದ್ದ ವೆಸ್ಕಾ ತಿರುಗಲೂ ಇಲ್ಲ. "ಪ್ರಶ್ನೆ ಆಗ್ಲೇ ಬಂದು ಬಾಗಿಲಲ್ಲಿ ನಿಂತಿದೆ, ಜಡೆ ಹಾಕ್ಕೊಂಡು."

"ವೆಸ್ಕಾ, ನಿನ್ನನ್ನ ಯಾರೂ ಕೇಳ್ಲಿಲ್ಲ."

"ಕೇಳ್ಲಿಲ್ಲ, ಸರಿ. ಮೊಲಕ್ಕೆ ನಮ್ಮತ್ತೆ ಹೆಸರಲ್ವಾ, ಮನೆಯವಳು ಅಂತ ಒಂದು ಮಾತು ಅಂದೆ."

ತೊಟ್ಟು ಸಿಗಲಿಲ್ಲ. ಚಿತ್ರವಿಲ್ಲದ ಪ್ರಬಂಧವನ್ನು ಪರೀಕ್ಷಕರು ಹಿಂದಕ್ಕೆ ಕಳಿಸಿದರು. ಎಲಿತ್ಸಾ ಒಂದು ಚಳಿಗಾಲ ಕಾದಳು, ಆಮೇಲೆ ಬಿಟ್ಟು ಹೋದಳು. ಪ್ರಯೋಗಾಲಯದ ಉಪಕರಣ ಮಾರುವ ಕೆಲಸಕ್ಕೆ ಸೇರಿ ಊರೂರು ತಿರುಗುತ್ತಾಳೆ ಎಂಬ ಸುದ್ದಿ ಬಂತು. ವಿಜ್ಞಾನಕ್ಕೆ ತಾಳ್ಮೆ ಬೇಕು ಎಂದು ಹರಲಾಂಪಿ ಆ ವರ್ಷದ ಭಾಷಣದಲ್ಲಿ ಹೇಳಿದರು.

ಅದೇ ವರ್ಷ ಹಳೆಯ ಫ್ರೀಜರ್ ಬದಲಾಯಿತು. ಅದರೊಳಗೆ ಗೋಡೆಯಂತೆ ಹಿಮ ಕಟ್ಟುತ್ತಿತ್ತು, ವೆಸ್ಕಾ ಸ್ಕ್ರೂಡ್ರೈವರಿನಿಂದ ಕೆರೆಯುತ್ತ ಬೈಯುತ್ತಿದ್ದಳು. ಹರಲಾಂಪಿ ತಾವೇ ಅಂಗಡಿಗೆ ಹೋಗಿ, ಹಿಮವೇ ಕಟ್ಟದ ಹೊಸ ಜಾತಿಯದನ್ನು ಆರಿಸಿ ತಂದರು. ರಿಬ್ಬನ್ ಕತ್ತರಿಸಿ, ಸಂಸ್ಥೆ ಆಧುನಿಕ ಯುಗಕ್ಕೆ ಕಾಲಿಟ್ಟಿದೆ ಎಂದರು. ಪೆನಾಳ ನಳಿಕೆಯನ್ನು ಎರಡೂ ಕೈಯಲ್ಲಿ ಹಿಡಿದು ಪೂಜ್ಯ ಪ್ರತಿಮೆಯನ್ನು ಹೊತ್ತು ತರುವಂತೆ ತಂದು ಒಳಗಿಟ್ಟರು.

ವರ್ಷಗಳು ಉರುಳಿದವು. ಅವರು ನಿವೃತ್ತರಾಗಲಿದ್ದ ವಸಂತದಲ್ಲಿ ಎಲಿತ್ಸಾ ಬಂದಳು, ಒಂದು ಕೈಯಲ್ಲಿ ಮಾರಾಟದ ಚೀಲ, ಇನ್ನೊಂದರಲ್ಲಿ ಚೀಸ್ ತುಂಬಿದ ಬಿಸಿ ಬಾನಿತ್ಸಾ ಪೊಟ್ಟಣ. ವೆಸ್ಕಾ ಅವಳನ್ನು ತಬ್ಬಿಕೊಂಡು, "ಜಡೆ ಎಲ್ಲೇ ಹುಡುಗಿ?" ಎಂದಳು.

"ಕತ್ತರಿಸಿಬಿಟ್ಟೆ ಅಕ್ಕ. ಬಸ್ಸಲ್ಲಿ ಓಡಾಡೋರಿಗೆ ಜಡೆ ಯಾಕೆ?" ಎನ್ನುತ್ತ ಎಲಿತ್ಸಾ ಫ್ರೀಜರಿನ ಬಾಗಿಲು ತಟ್ಟಿದಳು. "ಇದು ಹಿಮ ಕಟ್ಟದ ಜಾತಿ, ಅಲ್ವಾ?"

"ಒಂದು ಸಲಾನೂ ಕೆರೆದಿಲ್ಲ," ಎಂದರು ಹರಲಾಂಪಿ ಹೆಮ್ಮೆಯಿಂದ.

"ಕೆರೆಯೋದು ಯಾಕೆ, ಅದೇ ಕರಗಿಸ್ಕೊಳ್ಳುತ್ತಲ್ಲ. ದಿನಾ ಒಳಗೊಳಗೇ ಬೆಚ್ಚಗಾಗಿ ಮತ್ತೆ ತಣ್ಣಗಾಗುತ್ತೆ. ಮನೇಲಿ ಬಟಾಣಿ ಇಡೋಕೆ ಚೆನ್ನಾಗಿದೆ. ಇದರಲ್ಲಿ ಮುಖ್ಯವಾದ್ದೇನೂ ಇಟ್ಟಿಲ್ಲ ತಾನೆ?"

ವೆಸ್ಕಾ ಬಾನಿತ್ಸಾ ಕತ್ತರಿಸುವುದನ್ನು ನಿಲ್ಲಿಸಿದಳು. ಮತ್ತೆ ಮತ್ತೆ ಕರಗಿ ಹೆಪ್ಪುಗಟ್ಟಿದರೆ ಪ್ರತಿಕಾಯದ ಶಕ್ತಿ ಸೋರಿಹೋಗುತ್ತದೆ. ಮೊದಲ ವರ್ಷದ ಮಕ್ಕಳಿಗೆ ಈ ಪಾಠ ಮಾಡುತ್ತ ಬಂದವರು ಹರಲಾಂಪಿಯವರೇ.

ಅವರು ಬಾಗಿಲು ತೆರೆದು ನಳಿಕೆಯನ್ನು ಅಂಗೈಯಲ್ಲಿಟ್ಟುಕೊಂಡರು. ಆಮೇಲೆ, "ನಿನ್ನ ಪ್ರಶ್ನೆಗೇ ಹಾಕೋಣ," ಎಂದರು. "ಗೀರು ಹಾಕಿ ಗಾಯ ಮಾಡೋದು ನೆನಪಿದೆಯಾ?"

ಎಲಿತ್ಸಾ ಸೋಫಿಯಾ ನಗರಕ್ಕೆ ಹೋಗಬೇಕಿದ್ದ ಬಸ್ಸನ್ನು ಬಿಟ್ಟುಕೊಟ್ಟಳು. ವೆಸ್ಕಾ ಬೆಳೆಸಿದ್ದ ಸ್ನಾಯುಕೋಶಗಳ ತೆಳುಪದರಕ್ಕೆ ಸೂಜಿಮೊನೆಯಿಂದ ಗೀರೆಳೆದಳು. ಕೈ ಏನನ್ನೂ ಮರೆತಿರಲಿಲ್ಲ. ನಳಿಕೆಯಲ್ಲಿದ್ದುದನ್ನೆಲ್ಲ, ಒಂದು ತೊಟ್ಟೂ ಉಳಿಸದೆ, ಹರಲಾಂಪಿ ತಾವೇ ಹಾಕಿದರು.

ಮರುದಿನ ಮಧ್ಯಾಹ್ನ ಕತ್ತಲೆ ಕೋಣೆಯಲ್ಲಿ ಇಬ್ಬರೇ ಕೂತರು. ಮೊದಲು ಹರಲಾಂಪಿ ನೋಡಿದರು. ಕಪ್ಪು. ಗಾಜನ್ನು ಅತ್ತ ಸರಿಸಿದರು, ಇತ್ತ ಸರಿಸಿದರು. ಎಲ್ಲ ಕಡೆ ಅದೇ ಕಪ್ಪು. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿ, ಕುರ್ಚಿ ಬಿಟ್ಟುಕೊಟ್ಟರು. ಎಲಿತ್ಸಾ ತಾಳ್ಮೆಯಿಂದ ಅಂಚಿನಿಂದ ಅಂಚಿಗೆ ಹುಡುಕಿದಳು.

"ಅವತ್ತೇ ಕೊಟ್ಟಿದ್ರೆ..." ಎಂದರು ಹರಲಾಂಪಿ. ಭಾಷಣದ ದನಿ ಅದರಲ್ಲಿರಲಿಲ್ಲ.

ಅವಳು ಕಣ್ಣು ತೆಗೆಯದೆ, ಸಿಟ್ಟಿಲ್ಲದೆ ಹೇಳಿದಳು: "ಅವತ್ತು ಹೊಳೀತಿತ್ತು, ಪ್ರೊಫೆಸರೇ."

ಹೊರಗಿನಿಂದ ವೆಸ್ಕಾ ಬಾಗಿಲು ತಟ್ಟಿ, ಕಾಫಿ ಆರುತ್ತಿದೆ ಎಂದಳು. ದೀಪದ ಗುಂಡಿ ಹರಲಾಂಪಿಯವರ ಕೈಯ ಪಕ್ಕದಲ್ಲೇ ಇತ್ತು. ಅವರು ಅದನ್ನು ಒತ್ತಲಿಲ್ಲ.