ಡ್ರಾಯಿಂಗ್ ಮಾಸ್ಟರರ ಮೀಸೆ

ಅರುವತ್ತರ ದಶಕದ ಆರಂಭದಲ್ಲಿ ನಾನು ಬಂಟ್ವಾಳ ಬಿಟ್ಟು ಮೂಡುಬಿದಿರೆಯ ಶಾಲೆಗೆ ಟೀಚರಾಗಿ ಬಂದೆ. ಜೈನ ಮನೆತನದ ಒಬ್ಬ ಅಜ್ಜಿಯ ಮನೆಯಲ್ಲಿ ಬಾಡಿಗೆಗೆ ಒಂದು ಕೋಣೆ. ಮದುವೆಯಾಗದ ಟೀಚರ್ ಬಂದರೆ ಊರಿಗೆಲ್ಲ ಕೈತುಂಬ ಕೆಲಸ. ನೋಡುನೋಡುತ್ತಿದ್ದಂತೆ ನನಗೆ ಇಬ್ಬರು ವರರು ಹುಟ್ಟಿಕೊಂಡರು. ಒಬ್ಬರು ನಮ್ಮ ಶಾಲೆಯ ಡ್ರಾಯಿಂಗ್ ಮಾಸ್ಟರರು, ಇನ್ನೊಬ್ಬರು ಬಸ್ಸಿನ ಟಿಕೆಟ್ ಕೊಡುವ ಏಜೆಂಟರು. ಇಬ್ಬರೂ ನಮ್ಮ ಜಾತಿಯವರೇ, ಬೇಡವೆನ್ನಲು ಮನೆಯವರಿಗೆ ನೆಪವಿರಲಿಲ್ಲ.

ನನ್ನೊಡನೆ ಮಾತಾಡಲು ಇಬ್ಬರಿಗೂ ಧೈರ್ಯವಿಲ್ಲ. ಅಜ್ಜಿಯ ಹತ್ತಿರ ಬಂದು ಒಬ್ಬರ ಮೇಲೊಬ್ಬರು ಚಾಡಿ ಹೇಳುತ್ತಿದ್ದರು.

"ಆ ಮಾಸ್ಟ್ರ ಮೀಸೆ ನಿಜದ್ದಲ್ಲ ಅಜ್ಜಿ. ದಿನಾ ಕಾಡಿಗೆಯಲ್ಲಿ ಬರೀತಾರೆ," ಎಂದರು ಏಜೆಂಟರು.

ಮರುದಿನ ಮಾಸ್ಟರರು ಹಾಜರು. "ಏಜೆಂಟ್ರು ನಗುವಾಗ ಬಾಯಿಗೆ ಕೈ ಹಿಡಿಯುವುದು ಯಾಕೆ ಗೊತ್ತುಂಟಾ? ಎದುರಿನ ಹಲ್ಲು ಕಟ್ಟಿಸಿದ್ದು!"

ಕೇಳಿ ಕೇಳಿ ಸಾಕಾದ ಅಜ್ಜಿ, "ಒಮ್ಮೆ ಪರೀಕ್ಷೆ ಮಾಡಿಯೇ ಬಿಡುವ," ಎಂದು ಭಾನುವಾರ ಸಂಜೆ ಇಬ್ಬರನ್ನೂ ಕಾಫಿಗೆ ಕರೆದರು. ಚಕ್ಕುಲಿಯನ್ನು ಬೇಕೆಂದೇ ಕಲ್ಲಿನಂತೆ ಕರಿದಿದ್ದರು.

ಏಜೆಂಟರು ಅದನ್ನು ಕಾಫಿಯಲ್ಲಿ ಅದ್ದಿ ಅದ್ದಿ ಚೀಪತೊಡಗಿದರು. ಮಾಸ್ಟರರಿಗೆ ಸ್ವರ್ಗವೇ ಸಿಕ್ಕಿತು. "ಕಚ್ಚಿ ತಿನ್ನಿ ಏಜೆಂಟ್ರೆ, ಸಂಕೋಚ ಯಾಕೆ?" ಎನ್ನುತ್ತಾ ಸುಡುಸುಡು ಕಾಫಿ ಗುಟುಕರಿಸಿ, ಬೆವರಿದ ಮುಖವನ್ನು ಬಿಳಿ ಕರವಸ್ತ್ರದಿಂದ ಒರೆಸಿಕೊಂಡರು. ಅರ್ಧ ಮೀಸೆ ಕರವಸ್ತ್ರಕ್ಕೆ ಹೋಯಿತು.

ಏಜೆಂಟರು ಕೈ ಅಡ್ಡ ಹಿಡಿಯುವುದನ್ನೂ ಮರೆತು ಹೋ ಎಂದು ನಕ್ಕರು. ಹಲ್ಲು ಬುಳಕ್ಕನೆ ಅವರದೇ ಲೋಟಕ್ಕೆ ಬಿತ್ತು.

"ಇಬ್ಬರೂ ಸತ್ಯವಂತರು ಮಾರಾಯ್ತಿ," ಎಂದರು ಅಜ್ಜಿ ನನ್ನ ಕಡೆ ತಿರುಗಿ.

ಏಜೆಂಟರು ಹಲ್ಲನ್ನು ಹೆಕ್ಕಿ ಜೇಬಿಗೆ ಹಾಕಿಕೊಂಡು ಹೊರಟೇ ಹೋದರು. ಮಾಸ್ಟರರೂ ಓಡುತ್ತಾರೆಂದುಕೊಂಡೆ. ಅವರು ಗೋಡೆಯ ಕನ್ನಡಿ ನೋಡಿದರು, ಉಳಿದರ್ಧವನ್ನೂ ಒರೆಸಿದರು, ಬಂದು ಕೂತರು.

"ಅದು ಹುಟ್ಟುವುದೇ ಇಲ್ಲ ಟೀಚರ್, ನಾನೇನು ಮಾಡ್ಲಿ? ಇನ್ನೊಂದು ಚಕ್ಕುಲಿ ಉಂಟಾ?"

ಅವರು ನನ್ನೊಡನೆ ಆಡಿದ ಮೊದಲ ಮಾತು ಅದು. ನಾನು ಡಬ್ಬಿಯನ್ನೇ ತಂದಿಟ್ಟೆ. ಆವತ್ತೇ ಮನಸ್ಸಿನಲ್ಲಿ ಒಪ್ಪಿಯೂ ಬಿಟ್ಟೆ.

ಏಜೆಂಟರು ಸುಮ್ಮನಿರಲಿಲ್ಲ. ಟೀಚರಿಗೆ ಮೆಳ್ಳೆಗಣ್ಣು ಎಂಬ ಸುದ್ದಿಯನ್ನು ಟಿಕೆಟಿನ ಜೊತೆ ಧರ್ಮಕ್ಕೆ ಹಂಚಿದರು. ಅದು ಬಸ್ಸು ಹತ್ತಿ ಬೆಳ್ತಂಗಡಿಯಲ್ಲಿದ್ದ ಮಾಸ್ಟರರ ತಾಯಿಗೂ ಮುಟ್ಟಿತು. ನಿಶ್ಚಿತಾರ್ಥದ ದಿನ ಅವರು ನನ್ನ ಮೂಗಿನ ತುದಿಗೆ ಬೆರಳು ಹಿಡಿದು, "ಇಲ್ಲಿ ನೋಡು ಮಗಾ," ಎಂದರು. ಅಷ್ಟು ಹತ್ತಿರದ ಬೆರಳನ್ನು ನೋಡಿದರೆ ಯಾರ ಕಣ್ಣಾದರೂ ಮೆಳ್ಳೆಯಾಗುವುದಿಲ್ಲವೇ?

"ಉಂಟು, ಸ್ವಲ್ಪ ಉಂಟು," ಎಂದರು ನನ್ನ ಭಾವೀ ಅತ್ತೆ, ನೆಂಟರೆಲ್ಲರಿಗೂ ಕೇಳುವಂತೆ. "ಅಡ್ಡಿಲ್ಲ. ಅಡುಗೆ ಬರ್ತದಾ?"