ಹೊನ್ನಾಳಿಯಲ್ಲಿ ನಾನು ಸತ್ತ ಸಂಜೆ

ಕಳೆದ ಭಾನುವಾರ ಸಂಜೆ ಹೊನ್ನಾಳಿಯಲ್ಲಿ ನಾನು ತೀರಿಕೊಂಡೆ.

(ಸಂಪಾದಕರು ಗಾಬರಿಯಾಗುವುದು ಬೇಡ. ಅಂಕಣ ಹೊತ್ತಿಗೆ ಸರಿಯಾಗಿಯೇ ತಲುಪಿದೆ.)

ಸತ್ತದ್ದು ರಂಗದ ಮೇಲೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯವರೆಲ್ಲ ಸೇರಿ ಒಂದು ಸಂಗೀತ ನಾಟಕ ಆಡಿದೆವು. ಒಬ್ಬರೂ ಕಲಾವಿದರಲ್ಲ. ಯುಕೆಜಿ ಮಕ್ಕಳಿಂದ ಹಿಡಿದು ಪೆನ್ಷನ್‌ದಾರರವರೆಗೆ, ಬಂದವರಿಗೆಲ್ಲ ಪಾರ್ಟು. ಮಾತೇ ಇಲ್ಲ, ಬರೀ ಹಾಡು. ನೀರು ಕೇಳುವುದೂ ಹಾಡಿನಲ್ಲಿ, ಯುದ್ಧ ಸಾರುವುದೂ ಹಾಡಿನಲ್ಲಿ. ಶತ್ರು ಸೇನಾಧಿಪತಿ ಹೊನ್ನಾಳಿಯ ಹಲ್ಲಿನ ಡಾಕ್ಟರು. (ಊರಿನವರು ಅವರಿಗೆ ಮೊದಲಿನಿಂದಲೂ ಹೆದರುತ್ತಾರೆ. ಹೆಚ್ಚಿನ ಮೇಕಪ್ ಬೇಕಾಗಲಿಲ್ಲ.)

ಡೈರೆಕ್ಟರು ನ್ಯಾಮತಿಯ ಸಂಗೀತ ಟೀಚರು ವನಜಾ ಮೇಡಂ. ನನ್ನಿಂದ ಒಂದು ಸಾಲು ಹಾಡಿಸಿದರು. ಅರ್ಧಕ್ಕೇ ಹಾರ್ಮೋನಿಯಂ ಮುಚ್ಚಿ, "ಸಾರ್, ನೀವು ರಾಜ ಆಗ್ರಿ" ಎಂದರು.

ನಾನು ಎದೆ ಉಬ್ಬಿಸಿದೆ.

"ಪರದೆ ಏಳೋ ಹೊತ್ತಿಗೆ ರಾಜ ಸತ್ತಿರ್ತಾನೆ. ಸುಮ್ನೆ ಮಲಗಿದ್ರೆ ಸಾಕು."

ಜೀವಮಾನವಿಡೀ ಮೇಷ್ಟರಾಗಿದ್ದವನಿಗೆ ಸುಮ್ಮನಿರುವ ಪಾರ್ಟು! ಇದಕ್ಕಿಂತ ಕಠಿಣವಾದ ಅಭಿನಯ ಇನ್ನೊಂದಿದ್ದೀತೆ?

ನನ್ನ ಹೆಣದ ಮುಂದೆ ಕೂತು ಹಾಡಬೇಕಾದ ರಾಣಿ ಹಾಲಮ್ಮಕ್ಕ. ಚನ್ನಗಿರಿಯಲ್ಲಿ ನಮ್ಮ ಪಕ್ಕದ ಮನೆಯವರು, ನಡುವೆ ಒಂದೇ ಗೋಡೆ. ಜಗಳೂರು ಕಡೆಯ ಸೊಕ್ಕೆಯಿಂದ ಸೊಸೆಯಾಗಿ ಬಂದು ಈಗ ಮೊಮ್ಮಕ್ಕಳನ್ನು ಕಂಡಿದ್ದಾರೆ, ಮನೆಯಲ್ಲಿ ಮಾತ್ರ ಒಬ್ಬರೇ. ನಮ್ಮ ಸೀಮೆಯ ಹೆಂಗಸರು ಸಾವಿನ ಮನೆಯಲ್ಲಿ ಸುಮ್ಮನೆ ಅಳುವುದಿಲ್ಲ, ಹೋದವರ ಬದುಕನ್ನೆಲ್ಲ ಹಾಡಿಕೊಂಡು ಅಳುತ್ತಾರೆ. ಹಾಗೆ ಅಳುವುದರಲ್ಲಿ ಹಾಲಮ್ಮಕ್ಕನಿಗೆ ಅತ್ತ ತ್ಯಾವಣಿಗೆಯ ತನಕ ಹೆಸರಿದೆ.

"ನಿಮಗೆ ಈ ನಾಟಕದ ಹುಚ್ಚು ಯಾಕೆ ಹತ್ತಿತು?" ಎಂದು ಕೇಳಿದ್ದೆ.

"ಇಷ್ಟು ದಿನ ಸತ್ತೋರ ಮುಂದೇನೆ ಹಾಡೀನಿ ಮೇಷ್ಟ್ರೆ. ಅಲ್ಲಿ ಯಾರಾದ್ರೂ ಚೆನ್ನಾಗೈತೆ ಅಂತಾರಾ? ನನಗೂ ಒಂದ್ ಸಲ ಚಪ್ಪಾಳೆ ಕೇಳ್ಬೇಕು ಅಂತ ಆಸೆ."

ಆಸೆಗೆ ಅಡ್ಡ ಬಂದದ್ದು ಹಾಡಿನ ಎರಡನೇ ನುಡಿ. ಬೇರೆ ಯಾರೋ ಬರೆದುಕೊಟ್ಟ ದುಃಖ ಬಾಯಿಗೆ ಬರುವುದಾದರೂ ಹೇಗೆ? ಪ್ರತಿ ರಿಹರ್ಸಲ್‌ನಲ್ಲೂ ರಾಣಿ ಅಲ್ಲೇ ತಡವರಿಸಿ, "ತಡೀರವ್ವ, ಮತ್ತೆ ಶುರು ಮಾಡ್ತೀನಿ" ಎನ್ನುತ್ತಿದ್ದರು. ಕೊನೆಗೆ ವನಜಾ ಮೇಡಂ ತೀರ್ಪು ಕೊಟ್ಟರು.

"ನಾಟಕದ ದಿನಾನೂ ಮರೆತ್ರೆ ರೆಕಾರ್ಡ್ ಮಾಡಿರೋ ಹಾಡು ಹಾಕ್ತೀನಿ. ನೀವು ಬಾಯಾಡಿಸಿದ್ರೆ ಆತು."

"ಹಂಗಾದ್ರೆ ಚಪ್ಪಾಳೆ ಮೊಬೈಲಿಗೆ ಹೊಡೀತಾರೆ ಕಣವ್ವ, ನನಗಲ್ಲ" ಎಂದು ಹಾಲಮ್ಮಕ್ಕ ಮುಖ ತಿರುಗಿಸಿದರು.

ಭಾನುವಾರ ಬಂತು. ಪರದೆ ಎದ್ದಿತು. ಮೂಗಿಗೆ ಹತ್ತಿ ತುರುಕಿಸಿಕೊಂಡು ನಾನು ಸಕಲ ರಾಜಮರ್ಯಾದೆಗಳೊಂದಿಗೆ ಮಲಗಿದ್ದೆ. ಮೊದಲ ನುಡಿ ಸಲೀಸಾಗಿ ಸಾಗಿತು. ಎರಡನೆಯದು ಬರಲಿಲ್ಲ. ಹಾರ್ಮೋನಿಯಂನವರು ಅದೇ ಸ್ವರ ಹಿಡಿದುಕೊಂಡು ಕಾದರು. ನಾನು ಕೂದಲೆಳೆಯಷ್ಟು ಕಣ್ಣು ತೆರೆದೆ. ಸೈಡ್ ವಿಂಗಿನಲ್ಲಿ ವನಜಾ ಮೇಡಂ ಮೊಬೈಲ್ ಕೈಗೆತ್ತಿಕೊಂಡಿದ್ದರು.

ಹಾಲಮ್ಮಕ್ಕ ಅದನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ಎದುರಿಗೆ ಹೆಣ, ಮೂಗಿನಲ್ಲಿ ಹತ್ತಿ, ಸುತ್ತ ಜನ. ಅಭ್ಯಾಸ ಬಲ ಬಿಟ್ಟೀತೆ? ದಡಕ್ಕನೆ ಎದೆ ಬಡಿದುಕೊಂಡು ನನ್ನ ಮೇಲೆ ಬಿದ್ದರು. ರಾಜನನ್ನು ಅಲ್ಲೇ ಬಿಟ್ಟು ನನ್ನನ್ನೇ ಹಾಡತೊಡಗಿದರು.

"ಊರಿಗೆಲ್ಲ ಬುದ್ಧಿ ಹೇಳಿದ್ಯಲ್ಲೋ ನಮ್ಮ ಮೇಷ್ಟ್ರಪ್ಪಾ, ರೇಷನ್ ಸಾಲಿನಾಗೆ ಮುಂದೆ ಹೋಗಿ ನಿಂತ್ಯಲ್ಲೋ… ಶುಗರ್ ಐತಂತ ಮನಿಯಾಗೆ ಬರೀ ಟೀ ಕುಡಿದ್ಯಲ್ಲೋ, ನಮ್ಮನಿಗೆ ಬಂದು ಮೈಸೂರ್‌ಪಾಕು ತಿಂದ್ಯಲ್ಲೋ…"

ಸಭೆ ಗೊಳ್ಳೆಂದಿತು. ಮುಂದಿನ ಸಾಲಿನಲ್ಲೇ ನನ್ನ ಹೆಂಡತಿ ಕೂತಿದ್ದಳು. ಸತ್ತವನಿಗೆ ಸಮಜಾಯಿಷಿ ಕೊಡುವ ಹಕ್ಕಿಲ್ಲವೆಂಬ ಕಟುಸತ್ಯ ನನಗೆ ಆಗ ಹೊಳೆಯಿತು.

ಹಾಲಮ್ಮಕ್ಕನ ದನಿ ಇಳಿಯಿತು.

"ಕರೆಂಟ್ ಹೋದಾಗೆಲ್ಲ ಗ್ವಾಡೆ ಆಚೆಯಿಂದ ಕೂಗ್ತಿದ್ದ್ಯಲ್ಲೋ, ಹಾಲಮ್ಮಕ್ಕ, ದೀಪ ಐತೇನವ್ವ ಅಂತ… ಕತ್ತಲಾಗೆ ಒಬ್ಬಳೇ ಕುಂತಿರ್ತೀನಿ, ಇನ್ಯಾರು ಕೇಳ್ತಾರೋ ನನ್ನಪ್ಪಾ, ಇನ್ಯಾರು ಕೇಳ್ತಾರೋ…"

ನಗು ನಿಂತಿತು. ಎಲ್ಲೋ ಮೂಗು ಸೀಟುವ ಸದ್ದು. ಪ್ರವೇಶ ಮಾಡಬೇಕಿದ್ದ ಸೇನಾಧಿಪತಿ ಕಣ್ಣೊರೆಸಿಕೊಳ್ಳಲು ಹೋಗಿ ಅರ್ಧ ಮೀಸೆ ಕಿತ್ತುಕೊಂಡರು. ಹೆಣದ ಕಣ್ಣಂಚಿನಲ್ಲೂ ನೀರು. (ಬೆವರು ಎಂದು ದಯವಿಟ್ಟು ಭಾವಿಸಿ.)

ಹಾಡು ಮುಗಿಯಿತು. ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ. ಹೇಗೆ ತಟ್ಟುತ್ತಾರೆ? ಹಾಡಿಕೊಂಡು ಅತ್ತವರಿಗೆ ನಮ್ಮ ಕಡೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಇಡೀ ಸಭೆ ತಾನು ಸಾವಿನ ಮನೆಯಲ್ಲಿ ಕೂತಿದ್ದೇನೆಂದೇ ತಿಳಿದುಬಿಟ್ಟಿತ್ತು.

ಹಾಲಮ್ಮಕ್ಕ ನನ್ನ ಕಿವಿಯ ಹತ್ತಿರಕ್ಕೆ ಬಾಗಿದರು.

"ಚೆನ್ನಾಗಾಗ್ಲಿಲ್ಲೇನ್ರಿ ಮೇಷ್ಟ್ರೆ?" ಎಂದು ಪಿಸುಗುಟ್ಟಿದರು.

ಏನು ಮಾಡುವುದು? ರಾಜ ಎದ್ದು ಕೂತ. ಚಪ್ಪಾಳೆ ತಟ್ಟಿದ.

"ಸಾರ್, ನೀವು ಸತ್ತಿದೀರಿ!" ವಿಂಗಿನಿಂದ ವನಜಾ ಮೇಡಂ ಕಿರುಚಿದರು. ಅದು ಯಾರ ಕಿವಿಗೂ ಬೀಳಲಿಲ್ಲ. ಅಷ್ಟರಲ್ಲಿ ಇಡೀ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿತ್ತು, "ಒನ್ಸ್ ಮೋರ್" ಎಂದು ಕೂಗುತ್ತಿತ್ತು. ಹಾಲಮ್ಮಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಮದುವೆಯ ಹೆಣ್ಣಿನಂತೆ ನೆಲ ನೋಡುತ್ತ ನಿಂತಿದ್ದರು. ಜನರ ಒತ್ತಾಯಕ್ಕೆ ಮಣಿದು ನಾನು ಇನ್ನೊಮ್ಮೆ ಸತ್ತೆ.

ವಾಪಸ್ ಬರುವಾಗ ವ್ಯಾನಿನಲ್ಲಿ ನನ್ನ ಹೆಂಡತಿ ಕಿಟಕಿಗೇ ಮುಖ ಮಾಡಿ ಕೂತಿದ್ದಳು. ವಿಚಾರಣೆ ಮನೆಯಲ್ಲೇ ಎಂಬುದು ಸ್ಪಷ್ಟವಿತ್ತು. ಹಾಲಮ್ಮಕ್ಕ ಮಾತ್ರ ಹಿಂದಿನ ಸೀಟಿನಿಂದ ಮುಂದಕ್ಕೆ ಬಾಗಿದರು.

"ಮೇಷ್ಟ್ರೆ, ನೀವು ನಿಜವಾಗ್ಲೂ ಹೋದಾಗ ಇದನ್ನೇ ಹಾಡಾಕಾಗಲ್ಲ, ಜನ ಆಗ್ಲೇ ಕೇಳಿಬಿಟ್ಟಾರೆ. ಹೊಸದು ಕಟ್ಬೇಕು. ಅಷ್ಟ್ರಾಗೆ ಒಂದೆರಡು ಒಳ್ಳೆ ಕೆಲ್ಸ ಮಾಡ್ರಿ ಮತ್ತೆ."

ನನ್ನದಿರಲಿ ಓದುಗರೇ, ನಿಮ್ಮ ಹತ್ತಿರ ಒಂದು ನುಡಿಗಾಗುವಷ್ಟಾದರೂ ಸರಕಿದೆಯೆ?